ಮ್ಯೂಆನ್ ಕೊಲೈಡರ್ ವಿನ್ಯಾಸ: ಮೊದಲು ಆಯಸ್ಸಿನ ಲೆಕ್ಕ ಹಾಕಿ

ಮ್ಯೂಆನ್ ಅಂದರೆ ಎಲೆಕ್ಟ್ರಾನ್‌ನಂಥದೇ, ಆದರೆ ಭಾರದ, ಬೇಗ ಒಡೆದುಹೋಗುವ ಕಣ. ಅದರ ಕಿರಣಗಳನ್ನು ರಿಂಗ್‌ನಲ್ಲಿ ಸುತ್ತಿಸಿ ಎದುರುಬದುರು ಡಿಕ್ಕಿ ಹೊಡೆಸುವ ಯಂತ್ರವೇ ಮ್ಯೂಆನ್ ಕೊಲೈಡರ್. ಅದರ ವಿನ್ಯಾಸಕ್ಕೆ ಕೂತ ಕೂಡಲೇ ಮ್ಯಾಗ್ನೆಟ್‌ಗೆ ಕೈ ಹಾಕಬೇಡಿ. ಮ್ಯೂಆನ್‌ಗೆ ಎಷ್ಟು ಹೊತ್ತು ಇದೆ ಅಂತ ಮೊದಲು ನೋಡಿ. ನಾನು ಯಾವಾಗಲೂ ಇಲ್ಲಿಂದಲೇ ಶುರು ಮಾಡುವುದು.

ನಿಂತ ಮ್ಯೂಆನ್‌ನ ಸರಾಸರಿ ಆಯಸ್ಸು 2.2 ಮೈಕ್ರೊಸೆಕೆಂಡ್. 10 ಟಿಇವಿ (ಟಿಇವಿ ಅಂದರೆ ಲಕ್ಷ ಕೋಟಿ ಎಲೆಕ್ಟ್ರಾನ್‌ವೋಲ್ಟ್, ಕಣಗಳ ಶಕ್ತಿಯ ಅಳತೆ) ಡಿಕ್ಕಿ ಬೇಕು ಅಂದರೆ ಒಂದೊಂದು ಕಿರಣಕ್ಕೂ 5 ಟಿಇವಿ ಕೊಡಬೇಕು. ಆ ವೇಗದಲ್ಲಿ ಆಯಸ್ಸು ಸುಮಾರು 47,300 ಪಟ್ಟು ಹಿಗ್ಗಿ 0.1 ಸೆಕೆಂಡ್ ಆಗುತ್ತದೆ. ರಿಂಗ್ 10 ಕಿ.ಮೀ. ಇದ್ದರೆ ಒಂದು ಸುತ್ತಿಗೆ 33 ಮೈಕ್ರೊಸೆಕೆಂಡ್. ಅಂದರೆ ಕೈಗೆ ಸಿಗುವುದು ಸುಮಾರು 3,100 ಸುತ್ತು, ಅಷ್ಟೇ. ರಿಂಗ್ ಚಿಕ್ಕದಾದಷ್ಟೂ ಸುತ್ತು ಜಾಸ್ತಿ. ಕಿರಣವನ್ನು ಚಿಕ್ಕ ರಿಂಗ್‌ನಲ್ಲಿ ಬಾಗಿಸಲು ಬಲವಾದ ಮ್ಯಾಗ್ನೆಟ್ ಬೇಕು. 16 ಟೆಸ್ಲಾ (ಟೆಸ್ಲಾ ಕಾಂತಕ್ಷೇತ್ರದ ಅಳತೆ) ಮ್ಯಾಗ್ನೆಟ್ ಯಾಕೆ ಬೇಕು ಅಂತ ಈಗ ಗೊತ್ತಾಯ್ತು ಅಲ್ವಾ?

ಇಷ್ಟು ಕಷ್ಟಪಟ್ಟು ಮ್ಯೂಆನ್‌ನನ್ನೇ ಬಳಸುವುದಕ್ಕೆ ಕಾರಣವಿದೆ. ಮ್ಯೂಆನ್ ಎಲೆಕ್ಟ್ರಾನ್‌ಗಿಂತ 207 ಪಟ್ಟು ಭಾರ. ಅದೇ ರಿಂಗ್, ಅದೇ ಶಕ್ತಿಯಲ್ಲಿ ಅದು ವಿಕಿರಣವಾಗಿ ಕಳೆದುಕೊಳ್ಳುವುದು ಸುಮಾರು 180 ಕೋಟಿ ಪಟ್ಟು ಕಡಿಮೆ. ಪ್ರೋಟಾನ್‌ನ ಹಾಗೆ ಶಕ್ತಿ ಒಳಗಿನ ಕ್ವಾರ್ಕ್‌ಗಳಿಗೆ ಹಂಚಿಹೋಗುವುದೂ ಇಲ್ಲ.

ಮ್ಯೂಆನ್ ಹುಟ್ಟಿಸುವುದು ಹೀಗೆ: ಗ್ರಾಫೈಟ್‌ನಂಥ ಗುರಿಗೆ ಪ್ರೋಟಾನ್ ಹೊಡೆಯಿರಿ, ಹೊರಬರುವ ಪಯಾನ್ ಎಂಬ ಅಲ್ಪಾಯುಷಿ ಕಣಗಳನ್ನು ಬಲವಾದ ಸೊಲೆನಾಯ್ಡ್‌ನಲ್ಲಿ (ಸುರುಳಿ ಮ್ಯಾಗ್ನೆಟ್) ಹಿಡಿಯಿರಿ. ಅವು ಒಡೆದು ಮ್ಯೂಆನ್ ಆಗುತ್ತವೆ. ಆದರೆ ದಿಕ್ಕಾಪಾಲಾಗಿ ಬರುತ್ತವೆ. ಅವನ್ನು ಒಟ್ಟುಗೂಡಿಸುವ ಕೂಲಿಂಗ್ ಇದೆಯಲ್ಲ, ನನ್ನ ಪ್ರಕಾರ ಇಡೀ ಯಂತ್ರದ ಜೀವವೇ ಅದು.

ಕೂಲಿಂಗ್‌ನ ಒಂದು ಘಟಕವನ್ನು ಹತ್ತಿರದಿಂದ ನೋಡೋಣ. ಕಿರಣ ದ್ರವ ಹೈಡ್ರೋಜನ್‌ನ ಮೂಲಕ ಹಾಯುತ್ತದೆ. ಮುಂದಕ್ಕೆ ಹೋಗುವ ವೇಗವೂ ಅಡ್ಡಕ್ಕೆ ಚದುರುವ ವೇಗವೂ ಎರಡೂ ತಗ್ಗುತ್ತವೆ. ಪಕ್ಕದ ಆರ್‌ಎಫ್ ಕ್ಯಾವಿಟಿ (ರೇಡಿಯೊ ಅಲೆಗಳಿಂದ ಕಣಗಳನ್ನು ಮುಂದಕ್ಕೆ ತಳ್ಳುವ ಲೋಹದ ಪೆಟ್ಟಿಗೆ) ಮುಂದಿನ ವೇಗವನ್ನು ಮಾತ್ರ ವಾಪಸ್ ಕೊಡುತ್ತದೆ. ಇದನ್ನೇ ಮತ್ತೆ ಮತ್ತೆ ಮಾಡಿದರೆ ಕಿರಣ ಸಣ್ಣಗಾಗುತ್ತಾ ಬರುತ್ತದೆ. ಭಾರದ ಧಾತು ಬಳಸಬೇಡಿ, ಅದರ ನ್ಯೂಕ್ಲಿಯಸ್‌ಗಳು ಕಿರಣವನ್ನು ಮತ್ತೆ ಚದುರಿಸುತ್ತವೆ. ವಸ್ತುವಿನ ಮೂಲಕ ಹಾಯಿಸಿ ಹೀಗೆ ತಂಪು ಮಾಡಬಹುದು ಅಂತ ಬ್ರಿಟನ್‌ನ ರುದರ್‌ಫೋರ್ಡ್ ಆಪಲ್‌ಟನ್ ಪ್ರಯೋಗಾಲಯದ ಮೈಸ್ ಪ್ರಯೋಗ 2020ರಲ್ಲಿ ತೋರಿಸಿತು. ನನಗೆ ಇವತ್ತಿಗೂ ಅದು ದೊಡ್ಡ ಧೈರ್ಯ. ಆದರೆ ಕ್ಯಾವಿಟಿ ಕೂರುವುದು ಬಲವಾದ ಕಾಂತಕ್ಷೇತ್ರದ ಒಳಗೆ, ಅಲ್ಲಿ ಅದು ಬೇಗ ಕಿಡಿ ಹಾರಿಸುತ್ತದೆ. ಕ್ಯಾವಿಟಿಯ ಗೋಡೆಗೆ ಯಾವ ಲೋಹ ಅನ್ನುವುದನ್ನು ಕೊನೆಗೆ ಬಿಡಬೇಡಿ.

ಆಮೇಲೆ ವೇಗವರ್ಧನೆ. ಇಲ್ಲಿ ತಡ ಮಾಡಿದಷ್ಟೂ ಮ್ಯೂಆನ್ ನಷ್ಟ.

ರಿಂಗ್‌ನಲ್ಲಿ ಒಡೆಯುವ ಮ್ಯೂಆನ್‌ಗಳಿಂದ ಎಲೆಕ್ಟ್ರಾನ್‌ಗಳು ಹಾರಿ ಮ್ಯಾಗ್ನೆಟ್‌ಗೆ ಬಡಿಯುತ್ತವೆ. ಅದಕ್ಕೆ ಒಳಗೆ ಕೆಲವು ಸೆಂಟಿಮೀಟರ್ ಟಂಗ್‌ಸ್ಟನ್ ಪದರ ಬೇಕು. ಮ್ಯಾಗ್ನೆಟ್‌ನ ಬಾಯಿ ಎಷ್ಟು ಅಗಲ ಅನ್ನುವುದನ್ನು ಈ ಪದರ ಸೇರಿಸಿಯೇ ಲೆಕ್ಕ ಹಾಕಿ. ಜೊತೆಗೇ ಹುಟ್ಟುವ ನ್ಯೂಟ್ರಿನೊಗಳನ್ನು (ವಸ್ತುವಿಗೆ ತಾಗುವುದೇ ಅಪರೂಪವಾದ ಹಗುರ ಕಣಗಳು) ಮಾತ್ರ ಯಾವ ಪದರವೂ ತಡೆಯುವುದಿಲ್ಲ. ಅವು ರಿಂಗ್‌ನ ಸಮತಲದಲ್ಲೇ ನೇರ ಹೋಗಿ ದೂರದಲ್ಲೆಲ್ಲೋ ನೆಲದಿಂದ ಹೊರಬರುತ್ತವೆ, ನೇರ ಭಾಗಗಳ ದಿಕ್ಕಿನಲ್ಲಿ ದಟ್ಟವಾಗಿ. ಆ ಗೆರೆಗಳನ್ನು ನಕ್ಷೆಯ ಮೇಲೆ ಎಳೆದು, ಎಲ್ಲಿ ಮೇಲೆ ಬರುತ್ತವೆ ನೋಡಿಯೇ ಜಾಗ ಆರಿಸಿ.