ದಾನದ ದುಡ್ಡು ಕೂಡಿಸಿ ಇಂಗ್ಲೆಂಡಿನಲ್ಲಿ ಓದಿದ್ದು: ನನ್ನ ಅನುಭವ

ವಿದೇಶದಲ್ಲಿ ಓದಿ ಬಂದೆ ಅಂದ ಕೂಡಲೇ ಊರಲ್ಲಿ ಕೇಳೋದು ಒಂದೇ ಮಾತು, "ಪೂರ್ತಿ ಫ್ರೀನಾ?" ಅಂತ. ಪೂರ್ತಿ ಫ್ರೀ ಅಲ್ಲ. ಸಾರ್ವಜನಿಕ ಆರೋಗ್ಯದಲ್ಲಿ ಎಂ.ಎಸ್‌ಸಿ. ಮಾಡಿದೆ. ಫೀಸಿನ ಒಂದು ಪಾಲು ಆ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳ ದೇಣಿಗೆ ನಿಧಿಯಿಂದ ಬಂತು, ಇನ್ನೊಂದು ಪಾಲು ಮುಂಬೈನ ಜೆ.ಎನ್. ಟಾಟಾ ಎಂಡೋಮೆಂಟ್ ಅನ್ನೋ ದತ್ತಿ ನಿಧಿಯಿಂದ, ಉಳಿದದ್ದು ನನ್ನ ಉಳಿತಾಯ ಮತ್ತು ಅಣ್ಣ ಕೊಟ್ಟ ಕೈಗಡ. ತುಂಡು ತುಂಡು ಸೇರಿಸಿ ಹೊಲಿದ ಕೌದಿ ಅದು.

ಇದರಲ್ಲಿ ನಾಚಿಕೆ ಏನೂ ಇಲ್ಲ. ನಮ್ಮ ಭಾಗದ ಎಷ್ಟೋ ಜನ ಓದಿದ್ದೇ ದಾನದ ದುಡ್ಡಿನಲ್ಲಿ ಅಲ್ವಾ? ಸವದತ್ತಿ ಕಡೆಯ ಶಿರಸಂಗಿ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಂಡಾಗ ಅವರ ಆಸ್ತಿ ಹೋಗಿದ್ದು ಮಕ್ಕಳ ಓದಿಗೆ. ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಅವರದೇ ಹೆಸರು.

ದಾನ ಕೊಡುವವರು ಏನಕ್ಕೆ ಕೊಡ್ತಾರೆ ಅನ್ನೋದು ನನಗೆ ತಿಳಿದಿದ್ದು ಫೀಲ್ಡ್ ಕೆಲಸದಲ್ಲಿ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ತಾಯಂದಿರ ಆರೋಗ್ಯದ ಒಂದು ಸಂಶೋಧನೆಯಲ್ಲಿ ಮಾಹಿತಿ ಬರೆದುಕೊಳ್ಳುವ ಕೆಲಸಕ್ಕಿದ್ದೆ. ಅಲ್ಲಿ ಹಿರಿಯರೆಲ್ಲ ಒಂದು ಹಳೆಯ ಅಧ್ಯಯನದ ಮಾತಾಡ್ತಿದ್ದರು. ಇಲ್ಲಿನ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜು ಅಮೆರಿಕದ ಸಂಶೋಧಕರ ಜೊತೆ ಸೇರಿ ಮಾಡಿದ್ದು. ದುಡ್ಡು ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಮತ್ತು ಗೇಟ್ಸ್ ಫೌಂಡೇಶನ್‌ನದು. ಹೆರಿಗೆ ಆದಮೇಲೆ ರಕ್ತ ಹೋಗುವುದನ್ನು ತಡೆಯಲು ಎಎನ್‌ಎಂ ಸಿಸ್ಟರ್‌ಗಳು, ಅಂದರೆ ಹಳ್ಳಿಯ ಸಹಾಯಕ ನರ್ಸ್‌ಗಳು, ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟರೆ ಸಾಕಾ ಅಂತ ನೋಡಿದ್ದು. ಇದಕ್ಕೆ ಸೂಜಿ ಬೇಡ, ಫ್ರಿಜ್ ಬೇಡ. 1620 ತಾಯಂದಿರಲ್ಲಿ ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ಔಷಧಿ ಇಲ್ಲದ ಮಾತ್ರೆ. ಔಷಧಿ ಇಲ್ಲದವರಲ್ಲಿ ನೂರಕ್ಕೆ 12 ಮಂದಿಗೆ ಜಾಸ್ತಿ ರಕ್ತ ಹೋಯಿತು, ಮಾತ್ರೆ ತಗೊಂಡವರಲ್ಲಿ ಸುಮಾರು 6 ಮಂದಿಗೆ. 2006ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕಾಗಿ ಆ ಮಾತ್ರೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ದುಡ್ಡು ಅವರದು, ಆದರೆ ಮನೆ ಮನೆಗೆ ಹೋಗಿದ್ದು ನಮ್ಮ ಸಿಸ್ಟರ್‌ಗಳು. ಪಾಲುದಾರಿಕೆ ಅಂದರೆ ಇದೇ.

ಹೊರದೇಶದ ದೇಣಿಗೆ ಸುಲಭಕ್ಕೆ ಬರೋದೂ ಇಲ್ಲ. ಆರೋಗ್ಯ ಸಂಶೋಧನೆಗೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮೂಲಕ ಸರ್ಕಾರದ ಸಮಿತಿಯ ಒಪ್ಪಿಗೆ ಬೇಕು. ವಿದೇಶಿ ದೇಣಿಗೆಯ ಕಾನೂನಾದ ಎಫ್‌ಸಿಆರ್‌ಎಗೆ 2020ರಲ್ಲಿ ತಿದ್ದುಪಡಿ ಆದಮೇಲೆ ದುಡ್ಡು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಗೇ ಬೀಳಬೇಕು, ಆಡಳಿತದ ಖರ್ಚು ಶೇ. 20 ದಾಟಬಾರದು, ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ಹಂಚುವಂತಿಲ್ಲ. ಲೆಕ್ಕ ಬಿಗಿ ಇರಲಿ, ಬೇಡ ಅನ್ನಲ್ಲ. ಆದರೆ ಈ ಕೊನೆಯ ನಿಯಮದಿಂದ ಪೆಟ್ಟು ಬಿದ್ದಿದ್ದು ತಾಲ್ಲೂಕು ಮಟ್ಟದ ಸಣ್ಣ ಸಂಸ್ಥೆಗಳಿಗೆ ಅಂತ ನನಗನಿಸುತ್ತೆ.

ಹಳ್ಳಿಗಳಲ್ಲಿ ಮಾಡಿದ ಆ ಫೀಲ್ಡ್ ಕೆಲಸವನ್ನೇ ನನ್ನ ಸ್ಕಾಲರ್‌ಶಿಪ್ ಅರ್ಜಿಯಲ್ಲಿ ಬರೆದೆ. ಮನೆಯ ಬಡತನದ ಬಗ್ಗೆ ಎರಡು ಸಾಲು, ಅಷ್ಟೇ. ಬಾಕಿಯೆಲ್ಲ ಯಾವ ಹಳ್ಳಿಯಲ್ಲಿ ಏನು ನೋಡಿದೆ, ಬಾಣಂತಿಯನ್ನು ತವರಿಗೆ ಕರೆದುಕೊಂಡು ಹೋದಮೇಲೆ ನಮ್ಮ ರಿಜಿಸ್ಟರ್‌ನಿಂದ ಆಕೆ ಹೇಗೆ ತಪ್ಪಿಹೋಗ್ತಾಳೆ, ಅದನ್ನು ಸರಿಮಾಡಲು ನಾನು ಯಾವ ಲೆಕ್ಕ ಕಲಿಯಬೇಕು ಅನ್ನೋದು. ಸಂದರ್ಶನದಲ್ಲಿ ಬಂದ ಪ್ರಶ್ನೆಗಳೂ ಅದರ ಮೇಲೇ.

ಟಾಟಾ ಎಂಡೋಮೆಂಟ್ 1892ರದು. ಮುಂದೆ ರಾಷ್ಟ್ರಪತಿಯಾದ ಕೆ.ಆರ್. ನಾರಾಯಣನ್ ಲಂಡನ್‌ಗೆ ಹೋಗಿ ಓದಿದ್ದು ಇದರ ನೆರವಿನಿಂದ. ಆದರೆ ಇದು ಲೋನ್ ಸ್ಕಾಲರ್‌ಶಿಪ್, ವಾಪಸ್ ಕಟ್ಟಬೇಕು. ನಮ್ಮಪ್ಪ ಕೇಳಿದ್ದು, "ಸಾಲಕ್ಕ ಸ್ಕಾಲರ್‌ಶಿಪ್ ಅಂತಾರೇನವ್ವಾ?" ಅಂತ. ಹೌದು, ಅಂತಾರೆ! ಚೆನ್ನಾಗಿ ಓದಿದರೆ ಸ್ವಲ್ಪ ಉಚಿತ ನೆರವೂ ಸಿಗಬಹುದು. ಕೆ.ಸಿ. ಮಹೀಂದ್ರ ಟ್ರಸ್ಟ್‌ನದೂ ಸಾಲವೇ, ಬಡ್ಡಿ ಇಲ್ಲ. ಲೋನ್ ಅಂತ ಮೂಗು ಮುರಿಯುವವರು ಬ್ಯಾಂಕಿನ ಬಡ್ಡಿ ಒಮ್ಮೆ ಲೆಕ್ಕ ಹಾಕಿ ನೋಡಲಿ.

ಪೂರ್ತಿ ಖರ್ಚು ಕೊಡುವುದೂ ಇವೆ. 2000ದಲ್ಲಿ ಗೇಟ್ಸ್ ಫೌಂಡೇಶನ್ 21 ಕೋಟಿ ಡಾಲರ್ ಕೊಟ್ಟು ಶುರುವಾದ, ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಓದಲು ಕೊಡುವ ಗೇಟ್ಸ್ ಕೇಂಬ್ರಿಡ್ಜ್ ಸ್ಕಾಲರ್‌ಶಿಪ್ ಅಂಥದ್ದು. ಸೀಟು ಕಡಿಮೆ. ಅರ್ಜಿ ಹಾಕಿ, ಆದರೆ ಅದೊಂದನ್ನೇ ನಂಬಿ ಕೂರಬೇಡಿ.

ಫೀಸಿಗೆ ಸ್ಕಾಲರ್‌ಶಿಪ್ ಬಂದರೂ ಕೈಯಿಂದ ಹೋಗುವ ದುಡ್ಡು ಬೇರೆ ಇರುತ್ತೆ. ಬ್ರಿಟನ್ ವೀಸಾಗೆ ಖರ್ಚಿನ ಹಣ 28 ದಿನ ಬಿಡದೆ ಖಾತೆಯಲ್ಲಿ ಇರಬೇಕು. ಅಲ್ಲಿನ ಆಸ್ಪತ್ರೆ ಸೇವೆಗೆ ವಿದ್ಯಾರ್ಥಿಗಳು ವರ್ಷಕ್ಕೆ 776 ಪೌಂಡ್ ಮುಂಚೆಯೇ ಕಟ್ಟಬೇಕು. ಅಣ್ಣನ ಕೈಗಡ ಬೇಕಾಗಿದ್ದು ಇಲ್ಲೇ.

ಈಗ ಪರಿಚಯದ ಹುಡುಗರು ಕೇಳಿಕೊಂಡು ಬರ್ತಾರೆ. ಮೊದಲು ವಿಷಯ ಕೇಳ್ತೀನಿ. ಎಂಜಿನಿಯರಿಂಗ್ ಅಂದರೆ, ವಿದೇಶದ ಓದಿಗೆ ಸ್ಕಾಲರ್‌ಶಿಪ್ ಕೊಡುವ ಇನ್ಲ್ಯಾಕ್ಸ್ ಫೌಂಡೇಶನ್ ಬಿಡು ಅಂತೀನಿ, ಅವರು ಸಾಮಾನ್ಯವಾಗಿ ಅದಕ್ಕೆ ಕೊಡಲ್ಲ. ವಿಜಯಪುರದಿಂದ ಬಂದಿದ್ದ ಒಬ್ಬನಿಗೆ ಆದಿಲ್‌ಶಾಹಿ ಕಟ್ಟಡಗಳ ಸಂರಕ್ಷಣೆ ಕಲಿಯಬೇಕಿತ್ತು. ಕಲೆ, ಪರಂಪರೆ ಕೆಲಸದವರನ್ನು ಸ್ವಲ್ಪ ದಿನಕ್ಕೆ ಬ್ರಿಟನ್‌ಗೆ ಕಳಿಸಲು ಚಾರ್ಲ್ಸ್ ವ್ಯಾಲೇಸ್ ಇಂಡಿಯಾ ಟ್ರಸ್ಟ್ ಅಂತ ಇದೆ, ಅದನ್ನು ನೋಡಪ್ಪ ಅಂದೆ. ಅವನ ಅರ್ಜಿಯ ಮೊದಲ ಪುಟ ತುಂಬ ಮನೆಯ ಕಷ್ಟವೇ ಇತ್ತು. ಗೋಡೆಯ ಗಾರೆ ಬಗ್ಗೆ ನಿನಗೆ ಗೊತ್ತಿರೋದನ್ನ ಮೊದಲು ಬರಿ ಅಂತ ವಾಪಸ್ ಕಳಿಸಿದ್ದೀನಿ.