ದರ ಮತ್ತು ಅವಸರ: ಸಣ್ಣ ಸಾಗಣೆ ಕಂಪನಿಯಲ್ಲಿ ಜೀತಕ್ಕೆ ತಡೆ ಹಾಕಿದ ನನ್ನ ಅನುಭವ

ಬ್ರಿಟನ್ನಿನ 2015ರ ಆಧುನಿಕ ಗುಲಾಮಗಿರಿ ಕಾಯ್ದೆಯ 54ನೆಯ ಸೆಕ್ಷನ್ ಪ್ರಕಾರ, ವರ್ಷಕ್ಕೆ 3.6 ಕೋಟಿ ಪೌಂಡ್ ಅಥವಾ ಅದಕ್ಕಿಂತ ಹೆಚ್ಚು ವಹಿವಾಟಿರುವ ಕಂಪನಿಗಳು ಮಾತ್ರ ಜೀತ ತಡೆಯಲು ತಾವೇನು ಮಾಡಿದ್ದೇವೆಂಬ ಹೇಳಿಕೆಯನ್ನು ಪ್ರತಿವರ್ಷ ಪ್ರಕಟಿಸಬೇಕು. ನಾಲ್ಕೈದು ಲ್ಯೂಟನ್ ವ್ಯಾನು (ದೊಡ್ಡ ಪೆಟ್ಟಿಗೆಯಂಥ ಮೈಯ ಸಾಗಣೆ ವ್ಯಾನು) ಮತ್ತು ಒಂದು ಏಳೂವರೆ ಟನ್ನಿನ ಲಾರಿ ಇಟ್ಟುಕೊಂಡು ಮನೆ ಸಾಮಾನು ಸಾಗಿಸುವ ನಮ್ಮಂಥವರು ಆ ಮೊತ್ತದ ಹತ್ತಿರಕ್ಕೂ ಸುಳಿಯುವುದಿಲ್ಲ. ಆದ್ದರಿಂದ ನಮ್ಮಲ್ಲಿಗೆ ದುಡಿಯಲು ಬರುವವರಲ್ಲಿ ಜೀತದವರಿದ್ದಾರೆಯೇ ಎಂದು ಹುಡುಕಿ ತಡೆಯುವ ಕೆಲಸಕ್ಕೆ ನಾನು ಕೈಹಾಕಿದಾಗ ನಮ್ಮ ಅಕೌಂಟೆಂಟರು, ವ್ಯವಹಾರದ ಪಾಲುದಾರರು ಮತ್ತು ಇದೇ ಕಸುಬಿನ ಗೆಳೆಯರು ಒಂದೇ ಮಾತನ್ನು ಹೇಳಿದರು: ಕಾನೂನೇ ಕೇಳದ ಉಸಾಬರಿ ನಿಮಗೇಕೆ? ಇಂದು ಅವರಲ್ಲಿ ಇಬ್ಬರು ನನ್ನ ದರದ ಲೆಕ್ಕದ ಹಾಳೆಯನ್ನು ಪಡೆದುಕೊಂಡು ತಮ್ಮ ಕಂಪನಿಗಳಲ್ಲಿ ಬಳಸುತ್ತಿದ್ದಾರೆಂಬುದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಮೊದಲು ಕೆಲಸಕ್ಕೆ ಬಾರದ ಉಪಾಯಗಳ ವಿಚಾರ. ಎಲ್ಲರಂತೆ ನಾವೂ ಪ್ರಶ್ನಾವಳಿಯಿಂದ ಆರಂಭಿಸಿದೆವು. ಕಾರ್ಮಿಕರನ್ನು ಒದಗಿಸುವ ಏಜೆನ್ಸಿ, ರಟ್ಟಿನ ಪೆಟ್ಟಿಗೆ ಮಾರುವವರು, ಕಸ ವಿಲೇವಾರಿಯವರು, ಗೋದಾಮು ಗುಡಿಸುವವರು ಹೀಗೆ ಸುಮಾರು ಇಪ್ಪತ್ತು ಸರಬರಾಜುದಾರರಿಗೆ ನಾಲ್ಕು ಪುಟದ ಪ್ರಶ್ನಾವಳಿ ಹೋಯಿತು. ಅರ್ಧದಷ್ಟು ಜನ ಉತ್ತರಿಸಿದರು, ಉತ್ತರಿಸಿದವರೆಲ್ಲರೂ ಎಲ್ಲ ಪ್ರಶ್ನೆಗಳಿಗೂ ‘ಹೌದು, ಪಾಲಿಸುತ್ತೇವೆ’ ಎಂದೇ ಬರೆದರು. ಆಮೇಲೆ ಸಲಹೆಗಾರರೊಬ್ಬರಿಗೆ ಸಾವಿರದ ಎಂಟುನೂರು ಪೌಂಡಿನ ಆಸುಪಾಸಿನಲ್ಲಿ ಕೊಟ್ಟು ವರದಿ ಮಾಡಿಸಿದೆವು. ಅಂದವಾದ ರಕ್ಷಾಪುಟವಿದ್ದ ಆ ವರದಿಯಲ್ಲಿ ಒಬ್ಬನೇ ಒಬ್ಬ ಲೋಡರನ ಜೊತೆ ಮಾತನಾಡಿದ ಉಲ್ಲೇಖವೂ ಇರಲಿಲ್ಲ. ಡಿಪೋದ ಸೂಚನಾ ಫಲಕದಲ್ಲಿ ದೂರವಾಣಿ ಸಂಖ್ಯೆ ಹಾಕಿ ‘ಗುಟ್ಟಾಗಿ ದೂರು ಕೊಡಿ’ ಎಂದು ಬರೆದದ್ದೂ ವ್ಯರ್ಥವಾಯಿತು, ಏಕೆಂದರೆ ಎಲ್ಲರ ಕಣ್ಣೆದುರು ಫಲಕದ ಮುಂದೆ ನಿಂತು ಸಂಖ್ಯೆ ಬರೆದುಕೊಳ್ಳುವ ಧೈರ್ಯ ಯಾರಿಗೂ ಇರುವುದಿಲ್ಲ.

ತಪಾಸಣೆಗಳ ಮೇಲಿನ ನನ್ನ ನಂಬಿಕೆ ಮೊದಲೇ ಅಲುಗಾಡಿತ್ತು. ಉತ್ತರ ಇಂಗ್ಲೆಂಡಿನ ಡ್ಯೂಸ್‌ಬರಿ ಪಟ್ಟಣದ ಹಾಸಿಗೆ ಕಾರ್ಖಾನೆಯೊಂದು ಹಂಗೆರಿಯ ಕಾರ್ಮಿಕರನ್ನು ಅತ್ಯಲ್ಪ ಹಣಕ್ಕೆ ದುಡಿಸಿಕೊಂಡ ಪ್ರಕರಣದಲ್ಲಿ 2016ರಲ್ಲಿ ಮಾಲೀಕನಿಗೇ ಜೈಲು ಶಿಕ್ಷೆಯಾದದ್ದು ಈ ಕಸುಬಿನ ಹಲವರಿಗೆ ನೆನಪಿರಬಹುದು. ಆ ಹಾಸಿಗೆಗಳು ದೊಡ್ಡ ಮಳಿಗೆಗಳಿಗೆ ಹೋಗುತ್ತಿದ್ದವು, ಆ ಮಳಿಗೆಗಳ ತಪಾಸಣೆಗಳು ಜೀತವನ್ನು ಪತ್ತೆ ಮಾಡಿರಲಿಲ್ಲ. ಹಣವಂತರ ತಪಾಸಣೆಯ ಗತಿಯೇ ಹೀಗಿದ್ದರೆ ನಮ್ಮ ನಾಲ್ಕು ಪುಟಗಳ ಕಾಗದ ಏನು ಮಾಡೀತು?

ಹಾಗಾಗಿ ನಾನು ನೀತಿಪತ್ರಗಳನ್ನು ಬದಿಗಿಟ್ಟು ಗುಣಾಕಾರ ಭಾಗಾಕಾರಕ್ಕೆ ಕುಳಿತೆ. 2025ರ ಏಪ್ರಿಲ್‌ನಲ್ಲಿ 21 ವರ್ಷ ತುಂಬಿದವರ ಕನಿಷ್ಠ ವೇತನ ಗಂಟೆಗೆ 12.21 ಪೌಂಡ್ ಆಯಿತು. ಅದಕ್ಕೆ ರಜೆಯ ಸಂಬಳವೆಂದು ಶೇ 12.07 ಸೇರಿಸಿದರೆ 13.68 ಆಗುತ್ತದೆ. ವಾರಕ್ಕೆ ನಲವತ್ತು ಗಂಟೆ ಎಂದಿಟ್ಟುಕೊಂಡರೆ, ಒಂದು ಮಿತಿ ದಾಟಿದ ಸಂಬಳದ ಮೇಲೆ ಉದ್ಯೋಗದಾತ ಕಟ್ಟಬೇಕಾದ ಶೇ 15ರ ನ್ಯಾಷನಲ್ ಇನ್ಶೂರೆನ್ಸ್ (ಸಾಮಾಜಿಕ ಭದ್ರತೆಯ ವಂತಿಗೆ) ಗಂಟೆಗೆ 1.70ರ ಹತ್ತಿರ ಬರುತ್ತದೆ, ಪಿಂಚಣಿಯ ಪಾಲು ಮೂವತ್ತು ಪೆನ್ಸ್ ಚಿಲ್ಲರೆ. ಒಟ್ಟು 15.70. ಇದರಲ್ಲಿ ಏಜೆನ್ಸಿಯ ಕಚೇರಿ ಬಾಡಿಗೆಯಾಗಲಿ ಲಾಭವಾಗಲಿ ಒಂದು ಪೆನ್ನಿಯೂ ಸೇರಿಲ್ಲ. ನಾವು ಆಗ ಏಜೆನ್ಸಿಗೆ ಕೊಡುತ್ತಿದ್ದದ್ದು ವ್ಯಾಟ್ ಬಿಟ್ಟು 14.20. ಅಂದರೆ ಕಾನೂನಿನಂತೆ ಸಂಬಳ ಕೊಟ್ಟರೆ ಆ ಏಜೆನ್ಸಿ ಗಂಟೆಗೆ ಒಂದೂವರೆ ಪೌಂಡ್ ಕೈಯಿಂದ ಹಾಕಿ ನಮಗೆ ಜನರನ್ನು ಕಳಿಸಬೇಕು. ಯಾವ ವ್ಯಾಪಾರಿಯೂ ಅಷ್ಟು ಧರ್ಮಿಷ್ಠನಲ್ಲ. ಆ ಒಂದೂವರೆ ಪೌಂಡು ಹೊರುವವನ ಬೆನ್ನಿನಿಂದಲೇ ಬರುತ್ತಿತ್ತು.

ಇದೇ ಲೆಕ್ಕವನ್ನು ವ್ಯಾನು ತೊಳೆಯುವ ಜಾಗಕ್ಕೂ ಹಚ್ಚಿ ನೋಡಿದೆ. ಒಂದು ಲ್ಯೂಟನ್ ತೊಳೆಯಲು ಹದಿನೈದು ಪೌಂಡ್, ತೊಳೆಯುವವರು ಮೂವರು, ಹಿಡಿಯುವ ಸಮಯ ಸುಮಾರು ಅರ್ಧ ಗಂಟೆ. ಒಬ್ಬನ ಒಂದೂವರೆ ಗಂಟೆಯ ದುಡಿಮೆಗೆ ಬರೀ ಕೂಲಿಯೇ ಹದಿನೆಂಟು ಪೌಂಡ್ ದಾಟುವಾಗ, ನೀರು, ಸೋಪು, ಜಾಗದ ಬಾಡಿಗೆ ಎಲ್ಲಿಂದ ಹುಟ್ಟುತ್ತವೆ? ಚಳಿಗಾಲದಲ್ಲಿ ಕೈಗವಸಿಲ್ಲದೆ ಆಮ್ಲೀಯ ದ್ರಾವಣದಿಂದ ಚಕ್ರ ಉಜ್ಜುತ್ತಿದ್ದವರ ಬೆರಳುಗಳನ್ನು ನೋಡಿದ ಮೇಲೆ ಅಲ್ಲಿಗೆ ಹೋಗುವುದನ್ನು ನಿಲ್ಲಿಸಿ, ನಾನು ಕಂಡದ್ದನ್ನು ಜೀತದ ದೂರು ಕೇಳುವ ಸಹಾಯವಾಣಿಗೆ ತಿಳಿಸಿ, ನಾಲ್ಕುನೂರು ಪೌಂಡಿನ ಒಳಗೆ ಒಂದು ಪ್ರೆಷರ್ ವಾಷರ್ ಕೊಂಡೆವು. ಅದನ್ನು ಬಳಸುವ ಹೊತ್ತಿಗೂ ಸಂಬಳ ಎಣಿಸುತ್ತೇವೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ದರದ ಲೆಕ್ಕ ಅನುಮಾನವನ್ನು ಹುಟ್ಟಿಸುತ್ತದೆ, ಸಾಕ್ಷಿಯನ್ನು ಕೊಡುವುದಿಲ್ಲ. ಸಾಕ್ಷಿ ಸಿಕ್ಕಿದ್ದು ಬ್ಯಾಂಕ್ ಖಾತೆಗಳಲ್ಲಿ. ಪಶ್ಚಿಮ ಮಿಡ್‌ಲ್ಯಾಂಡ್ಸ್‌ನಲ್ಲಿ ಪೋಲೆಂಡಿನ ನಾನೂರಕ್ಕೂ ಹೆಚ್ಚು ಜನರನ್ನು ದುಡಿಸಿಕೊಂಡ ಗುಂಪಿಗೆ 2019ರಲ್ಲಿ ಶಿಕ್ಷೆಯಾದಾಗ, ಕಾರ್ಮಿಕರ ವೇತನ ಆ ಗುಂಪಿನ ಹಿಡಿತದಲ್ಲಿದ್ದ ಖಾತೆಗಳಿಗೆ ಹೋಗುತ್ತಿತ್ತೆಂಬ ವಿಷಯ ಹೊರಬಂದಿತ್ತು. ಅದನ್ನು ನೆನಪಿಟ್ಟುಕೊಂಡು, ನಮ್ಮಲ್ಲಿಗೆ ಕಳಿಸುವ ಪ್ರತಿಯೊಬ್ಬನ ಹೆಸರಿನೆದುರು ಅವನ ಸಂಬಳ ಜಮೆಯಾಗುವ ಖಾತೆಯ ಕೊನೆಯ ನಾಲ್ಕು ಅಂಕಿಗಳನ್ನು ಮಾತ್ರ ಬರೆದುಕೊಡುವಂತೆ ಏಜೆನ್ಸಿಯನ್ನು ಕೇಳಿದೆ. ಪೂರ್ಣ ಸಂಖ್ಯೆ ಕೇಳಿದ್ದರೆ ಖಾಸಗಿ ಮಾಹಿತಿಯ ಕಾನೂನು ತೋರಿಸಿ ತಪ್ಪಿಸಿಕೊಳ್ಳುತ್ತಿದ್ದರು, ನಾಲ್ಕಂಕಿಗೆ ಆ ಜಗ್ಗಾಟ ಬರಲಿಲ್ಲ. ಬಹುಶಃ ಕಚೇರಿಯ ಗುಮಾಸ್ತೆಯೊಬ್ಬರು ಹೆಚ್ಚು ಯೋಚಿಸದೆ ಕಳಿಸಿದ ಆ ಪಟ್ಟಿಯಲ್ಲಿ ಏಳೆಂಟು ಹೆಸರುಗಳಿದ್ದು, ಮೂವರ ಎದುರು ಒಂದೇ ನಾಲ್ಕಂಕಿಗಳಿದ್ದವು. ಅಣ್ಣತಮ್ಮಂದಿರಿರಬಹುದು ಎಂದರು ನಮ್ಮ ಮ್ಯಾನೇಜರ್. ಅವರಲ್ಲಿ ಇಬ್ಬರದು ಬೇರೆ ಬೇರೆ ದೇಶ.

ಇಲ್ಲಿ ಬಹಳ ಮಂದಿ ಎಡವುತ್ತಾರೆ. ಕೂಡಲೇ ಏಜೆನ್ಸಿಗೆ ಫೋನ್ ಮಾಡಿ ವಿವರಣೆ ಕೇಳಿದರೆ ಮರುದಿನ ಆ ಮೂವರು ಬೇರೊಂದು ಊರಿನ ಬೇರೊಂದು ಗೋದಾಮಿನಲ್ಲಿರುತ್ತಾರೆ. ಕೆಲಸದಿಂದ ತೆಗೆದರೆ, ದುಡಿಸುವವರು ಅವರ ತಲೆಗೆ ಕಟ್ಟಿದ ಸಾಲದ ಬಡ್ಡಿ ಮಾತ್ರ ಬೆಳೆಯುತ್ತದೆ. ಪಟ್ಟಿಗೆ ವಂದನೆ ಹೇಳಿ, ಆ ವಾರವೂ ಅವರನ್ನು ಎಂದಿನಂತೆ ಕರೆಸಿ, ಅನ್‌ಸೀನ್ ಎಂಬ ಜೀತವಿರೋಧಿ ಸಂಸ್ಥೆ ನಡೆಸುವ 08000 121 700 ಸಹಾಯವಾಣಿಗೆ ಕರೆ ಮಾಡಿ ಅವರು ಹೇಳಿದಂತೆ ನಡೆದುಕೊಂಡೆ. ಪ್ರಾಣಾಪಾಯವಿದ್ದರೆ ಮಾತ್ರ ನೇರವಾಗಿ ತುರ್ತು ಸಂಖ್ಯೆ 999. ಮೂವರಲ್ಲಿ ಒಬ್ಬರು, ಜೀತಕ್ಕೆ ಸಿಕ್ಕವರನ್ನು ಗುರುತಿಸಿ ನೆರವು ಕೊಡುವ ಸರ್ಕಾರದ ರಾಷ್ಟ್ರೀಯ ಶಿಫಾರಸು ವ್ಯವಸ್ಥೆಗೆ ಸೇರಲು ಒಪ್ಪಿದರು. ವಯಸ್ಕರನ್ನು ಅವರ ಒಪ್ಪಿಗೆಯಿಲ್ಲದೆ ಅದಕ್ಕೆ ಸೇರಿಸುವಂತಿಲ್ಲವಾದ್ದರಿಂದ, ಒಪ್ಪದ ಇಬ್ಬರು ತಮ್ಮ ದಾರಿ ಹಿಡಿದರು. ಒಪ್ಪಿದವರ ಪಾಸ್‌ಪೋರ್ಟ್ ಅವರನ್ನು ಕರೆತರುತ್ತಿದ್ದ ಮಿನಿಬಸ್ ಚಾಲಕನ ಬಳಿಯಿತ್ತು, ಮತ್ತು ಕೆಲಸ ಕೊಡಿಸಿದ್ದಕ್ಕೆಂದು ವಿಧಿಸಿದ ಶುಲ್ಕ ಅವರ ತಲೆಯ ಮೇಲಿತ್ತು. ಕೆಲಸ ಹುಡುಕಿಕೊಟ್ಟದ್ದಕ್ಕೆ ಕಾರ್ಮಿಕನಿಂದ ಶುಲ್ಕ ವಸೂಲು ಮಾಡುವುದನ್ನು 1973ರ ಉದ್ಯೋಗ ಏಜೆನ್ಸಿ ಕಾಯ್ದೆ ನಿಷೇಧಿಸಿದೆ, ಆದರೆ ಅವರ ಕೈಯಲ್ಲಿ ಅದಕ್ಕೆ ರಸೀದಿಯೇ ಇರಲಿಲ್ಲ.

ಈಗ ಹೊಸಬರು ಬಂದ ಮೊದಲ ದಿನ ನಾವು ಕೇಳುವುದು ಎರಡೇ ಕಾಗದ: ಹಿಂದಿನ ವಾರದ ಪೇ ಸ್ಲಿಪ್ ಮತ್ತು 2020ರ ಏಪ್ರಿಲ್‌ನಿಂದ ಏಜೆನ್ಸಿಗಳು ಪ್ರತಿ ಹೊಸ ಕಾರ್ಮಿಕನಿಗೂ ಕೊಡಲೇಬೇಕಾದ ಮುಖ್ಯ ಮಾಹಿತಿ ಪತ್ರ. ಸಂಬಳ ಯಾರು ಕೊಡುತ್ತಾರೆ, ಏನೇನು ಕಡಿತವಾಗುತ್ತದೆ ಎಂಬುದೆಲ್ಲ ಆ ಪತ್ರದಲ್ಲಿರುತ್ತದೆ. ಅದನ್ನು ಕಂಡೇ ಇಲ್ಲ ಎನ್ನುವವರು ಇಬ್ಬರಾದರೆ ಏಜೆನ್ಸಿಯನ್ನು ಇನ್ನಷ್ಟು ಹತ್ತಿರದಿಂದ ನೋಡುವ ಸಮಯ ಬಂದಿದೆಯೆಂದು ಅರ್ಥ. ಇದರ ಜೊತೆಗೆ ಸೋಫಾ ಇಳಿಸುವ ಹೊತ್ತಿನಲ್ಲಿ ನಾನು ಸಹಜವಾಗಿ ಕೇಳುವ ಒಂದು ಪ್ರಶ್ನೆಯಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ನಾಳೆಯೇ ಅದಕ್ಕೆ ಉತ್ತರ ಕಲಿಸಿ ಕಳಿಸುವವರಿದ್ದಾರೆ.

ಇಷ್ಟಾದರೂ, ಹಳೆಯದನ್ನು ಬಿಟ್ಟು ಹಿಡಿದ ಹೊಸ ಏಜೆನ್ಸಿಯಲ್ಲೂ ಮತ್ತೆ ಅದೇ ಸಂಶಯ ತಲೆಯೆತ್ತಿತು, ಆಗಲೇ ಮೂಲ ಎಲ್ಲಿದೆಯೆಂದು ತಿಳಿದದ್ದು. ಈ ದೇಶದಲ್ಲಿ ಮನೆ ಖರೀದಿಯ ಕೊನೆಯ ಹಂತ, ಅಂದರೆ ಬೀಗದ ಕೈ ಬದಲಾಗುವ ದಿನ, ಬೇರೆಲ್ಲ ದಿನಗಳಿಗಿಂತ ಹೆಚ್ಚಾಗಿ ಶುಕ್ರವಾರ ಬರುತ್ತದೆ. ತಿಂಗಳ ಕೊನೆಯ ಶುಕ್ರವಾರವೆಂದರೆ ಎಲ್ಲ ಸಾಗಣೆ ಕಂಪನಿಗಳಿಗೂ ಒಂದೇ ದಿನ ಇಮ್ಮಡಿ ಜನ ಬೇಕು. ಗುರುವಾರ ಸಂಜೆ ಐದಕ್ಕೆ ಕರೆಮಾಡಿ ಬೆಳಗ್ಗೆ ಏಳಕ್ಕೆ ಆರು ಜನ ಬೇಕೆಂದರೆ, ಒಳ್ಳೆಯ ಏಜೆನ್ಸಿ ಮೂವರನ್ನು ಕಳಿಸಿ ಉಳಿದ ಮೂವರನ್ನು ತನಗಿಂತ ಕೆಳಗಿನ ಯಾರಿಂದಲೋ ತರಿಸುತ್ತದೆ. ಜೀತದವರು ಬರುವುದು ಆ ‘ಯಾರೋ’ ಮೂಲಕ. ಹಾಗಾಗಿ ಒಪ್ಪಂದದಲ್ಲಿ ನಮ್ಮ ಲಿಖಿತ ಅನುಮತಿಯಿಲ್ಲದೆ ಮರುಗುತ್ತಿಗೆ ಕೂಡದೆಂದು ಬರೆಸಿದೆವು. ಬರೆಸುವುದು ಸುಲಭ, ಪಾಲಿಸುವಂತೆ ಮಾಡಲು ನಮ್ಮ ಅವಸರವನ್ನೇ ತಗ್ಗಿಸಬೇಕಾಯಿತು. ಮಂಗಳವಾರದಿಂದ ಗುರುವಾರದವರೆಗಿನ ಕೆಲಸಕ್ಕೆ ಶೇ 10–12 ರಿಯಾಯಿತಿ ಕೊಟ್ಟೆವು, ಬಾಡಿಗೆದಾರರೂ ಸಣ್ಣ ಕಚೇರಿಗಳೂ ಅದಕ್ಕೆ ಒಲಿದರು. ಒಂದು ರಾತ್ರಿ ಬೇರೆಡೆ ಉಳಿಯಲು ಒಪ್ಪುವ ಗಿರಾಕಿಗಳ ಸಾಮಾನನ್ನು ಗುರುವಾರವೇ ತುಂಬಿ ಡಿಪೋದಲ್ಲಿಟ್ಟು ಶುಕ್ರವಾರ ಇಳಿಸಿದೆವು. ಒಬ್ಬರನ್ನು ಹೆಚ್ಚುವರಿಯಾಗಿ ಕಾಯಂ ಮಾಡಿಕೊಂಡೆವು. ಏಜೆನ್ಸಿಯ ಬಿಲ್ಲನ್ನು ನಲವತ್ತೈದು ದಿನಕ್ಕೆ ಬದಲು ವಾರದೊಳಗೆ ಪಾವತಿಸತೊಡಗಿದೆವು, ಏಕೆಂದರೆ ಗಿರಾಕಿ ಹಣ ಕೊಟ್ಟಿಲ್ಲವೆಂಬುದು ಸಂಬಳ ತಡೆಯುವವರ ಮೊದಲ ನೆಪ.

ಹಣದ ಮಾತಿಗೆ ಬರುತ್ತೇನೆ. ಹೊಸ ದರ ಗಂಟೆಗೆ ಹತ್ತೊಂಬತ್ತರ ಹತ್ತಿರ ನಿಂತಿತು. ವರ್ಷಕ್ಕೆ ಎರಡೂವರೆ ಸಾವಿರ ಏಜೆನ್ಸಿ ಗಂಟೆಗಳೆಂದು ಹಿಡಿದರೆ ಹೆಚ್ಚುವರಿ ಹೊರೆ ಹನ್ನೊಂದು ಹನ್ನೆರಡು ಸಾವಿರ ಪೌಂಡ್, ನಮ್ಮಂಥ ಕಂಪನಿಗೆ ಉಸಿರುಗಟ್ಟಿಸುವ ಮೊತ್ತ. ಶುಕ್ರವಾರದ ಒತ್ತಡ ಇಳಿದ ಮೇಲೆ ಏಜೆನ್ಸಿ ಗಂಟೆಗಳು ಸಾವಿರದ ಆಸುಪಾಸಿಗೆ ಬಂದವು. ಪರಿಚಿತ ಕೈಗಳೇ ಮತ್ತೆ ಮತ್ತೆ ಸಾಮಾನು ಮುಟ್ಟುವುದರಿಂದ ಒಡೆದ ಕನ್ನಡಿ, ಗೀರಿದ ಮೇಜುಗಳ ಪರಿಹಾರದ ಕ್ಲೇಮುಗಳು ಅರ್ಧಕ್ಕಿಳಿದವು. ಮೂರನೆಯ ಲಾಭ ಯಾರೂ ಊಹಿಸದ್ದು: ನೌಕರರ ಮನೆ ಸ್ಥಳಾಂತರ ಮಾಡಿಸುವ ದೊಡ್ಡ ಸಂಸ್ಥೆಯೊಂದು ತನ್ನದೇ 54ನೆಯ ಸೆಕ್ಷನ್ ಹೇಳಿಕೆಗಾಗಿ ನಮ್ಮಿಂದ ವಿವರ ಕೇಳಿದಾಗ, ಸ್ಪರ್ಧಿಗಳು ನೀತಿಪತ್ರ ಕಳಿಸಿದರು, ನಾನು ದರದ ಲೆಕ್ಕದ ಹಾಳೆ ಕಳಿಸಿದೆ. ಗುತ್ತಿಗೆ ನಮಗೆ ಬಂತು. ನಮ್ಮ ಅಕೌಂಟೆಂಟರು ಆಮೇಲೆ ಉಸಾಬರಿಯ ಮಾತೆತ್ತಲಿಲ್ಲ.

ನಡುವೆ ಮಾಡಿದ ಸಣ್ಣ ಪ್ರಯೋಗಗಳಲ್ಲಿ ಕೆಲವು ಗೆದ್ದವು. ಸಹಾಯವಾಣಿಯ ಸಂಖ್ಯೆಯನ್ನು ಆರೇಳು ಭಾಷೆಗಳಲ್ಲಿ ಅಚ್ಚುಹಾಕಿಸಿ ಶೌಚಾಲಯದ ಬಾಗಿಲಿನ ಒಳಬದಿಗೆ ಅಂಟಿಸಿದೆವು. ಅಲ್ಲಿ ಚಿಲಕ ಹಾಕಿಕೊಂಡು ಓದಬಹುದು. ಹರಿದುಕೊಳ್ಳುವ ಚೀಟಿಗಳು ಕಡಿಮೆಯಾಗುತ್ತಿರುವುದನ್ನು ಕಂಡು ಅದು ಓದಲ್ಪಡುತ್ತಿದೆಯೆಂದು ತಿಳಿಯಿತು. ಗಿರಾಕಿಗಳು ಕೊಡುವ ಟಿಪ್ಸ್ ಹಣ ಮೊದಲು ತಂಡದ ಮುಖಂಡನ ಜೇಬಿಗೆ ಹೋಗಿ ಅಲ್ಲೇ ಉಳಿಯುತ್ತಿತ್ತು. ಟಿಪ್ಸ್ ಕಾರ್ಮಿಕರಿಗೇ ಪೂರ್ತಿಯಾಗಿ ಸೇರಬೇಕೆಂಬ ಕಾನೂನು 2024ರ ಅಕ್ಟೋಬರ್ 1ರಂದು ಜಾರಿಯಾದಾಗ, ಏಜೆನ್ಸಿಯಿಂದ ಬಂದ ಕಾರ್ಮಿಕರನ್ನೂ ಸೇರಿಸಿ ಹಂಚಿಕೆಯನ್ನು ಪುಸ್ತಕದಲ್ಲಿ ಬರೆಯತೊಡಗಿದೆವು. ತನ್ನ ಪಾಲು ಬೇಡವೆಂದು ಸದಾ ಹೇಳುವವನ ಮೇಲೆ ಕಣ್ಣಿಡಬೇಕೆಂಬುದು ಆ ಪುಸ್ತಕದಿಂದ ಕಲಿತದ್ದು.

ಸೋತದ್ದು ರಬ್ಬರ್ ಕೈಗವಸು ಮತ್ತು ಪೀಠೋಪಕರಣ ಸುತ್ತುವ ಕಂಬಳಿಗಳ ವಿಚಾರದಲ್ಲಿ. ಯಾವ ಕಾರ್ಖಾನೆಯಲ್ಲಿ ತಯಾರಾದವು ಎಂದು ಕೇಳಿ ಬರೆದ ಪತ್ರಗಳಿಗೆ ಒಬ್ಬ ಸಗಟು ವ್ಯಾಪಾರಿ ಮಾತ್ರ ಉತ್ತರಿಸಿದರು, ಅದೂ ದೇಶದ ಹೆಸರಷ್ಟೇ. ವರ್ಷಕ್ಕೆ ನೂರಿನ್ನೂರು ಕಂಬಳಿ ಕೊಳ್ಳುವ ನಮಗೆ ಅವರನ್ನು ಬಗ್ಗಿಸುವ ಶಕ್ತಿಯಿಲ್ಲ. ಇದೇ ಕಸುಬಿನ ನಾಲ್ಕಾರು ಸಣ್ಣ ಕಂಪನಿಗಳು ಒಟ್ಟಾಗಿ ಒಂದೇ ಕಡೆಯಿಂದ ಕೊಂಡರೆ ಕಾರ್ಖಾನೆಯ ಹೆಸರನ್ನು ಖರೀದಿಯ ಷರತ್ತಾಗಿಯೇ ಇಡಬಹುದೆಂದು ಲೆಕ್ಕ ಹಾಕಿದ್ದೇನೆ. ಇಬ್ಬರು ಒಪ್ಪಿದ್ದಾರೆ, ಉಳಿದವರು ದರ ಎಷ್ಟು ಏರುತ್ತದೆಂದು ಕೇಳಿ ಕುಳಿತಿದ್ದಾರೆ.