ಹದಿನೈದು ಕುರ್ಚಿಗಳ ಭದ್ರತಾ ಮಂಡಳಿ: ತರಗತಿಯಲ್ಲಿ ನನ್ನ ಅನುಭವ

ಯಾದಗಿರಿ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುವ ನಾನು, ಒಂದು ದೇಶ ನೆರೆಯ ದೇಶದ ಮೇಲೆ ದಂಡೆತ್ತಿ ಹೋದಾಗ ಉಳಿದ ದೇಶಗಳು ಏನು ಮಾಡುತ್ತವೆ ಎಂಬ ಪಾಠವನ್ನು ಹಲವು ವರ್ಷ ಟಿಪ್ಪಣಿ ಬರೆಸಿಯೇ ಮುಗಿಸುತ್ತಿದ್ದೆ. ಖಂಡನೆ, ಮಧ್ಯಸ್ಥಿಕೆ, ನಿರ್ಬಂಧ, ಸೇನಾ ಕ್ರಮ ಎಂಬ ನಾಲ್ಕು ತಲೆಬರಹಗಳಲ್ಲಿ ವಿಷಯ ಮುಗಿಯುತ್ತಿತ್ತು. 2022ರ ಫೆಬ್ರವರಿ 24ರಂದು ರಷ್ಯಾದ ಸೇನೆ ಉಕ್ರೇನಿನೊಳಕ್ಕೆ ನುಗ್ಗಿತು. ಸೇನೆಯನ್ನು ಹಿಂತೆಗೆಯಬೇಕೆಂದು ಒತ್ತಾಯಿಸುವ ನಿರ್ಣಯದ ಪರವಾಗಿ ಮಾರ್ಚ್ 2ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ 141 ದೇಶಗಳೂ ವಿರುದ್ಧವಾಗಿ 5 ದೇಶಗಳೂ ಮತ ಹಾಕಿದವು. ಭಾರತವೂ ಸೇರಿದಂತೆ 35 ದೇಶಗಳು ತಟಸ್ಥವಾಗಿ ಉಳಿದವು. ಮರುದಿನ ವಿದ್ಯಾರ್ಥಿಯೊಬ್ಬ, ತಪ್ಪು ಯಾರದೆಂದು ಗೊತ್ತಿದ್ದೂ ಸುಮ್ಮನೆ ಕೂಡುವುದು ಯಾವ ತಲೆಬರಹದ ಕೆಳಗೆ ಬರುತ್ತದೆ ಎಂದು ಕೇಳಿದ. ನನ್ನ ಟಿಪ್ಪಣಿಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಆ ವರ್ಷ ಹದಿನೈದು ಕುರ್ಚಿಗಳನ್ನು ಸುತ್ತ ಇಟ್ಟು, ಭದ್ರತಾ ಮಂಡಳಿಯ ಅಣಕು ಸಭೆ ನಡೆಸಿದೆ. ಅದು ಪೂರ್ತಿ ಕೆಟ್ಟಿತು. ಎರಡೇ ನಿಮಿಷದಲ್ಲಿ ಹದಿನಾಲ್ಕು ಕೈಗಳು ಆಕ್ರಮಣಕಾರನ ವಿರುದ್ಧ ಮೇಲೆದ್ದವು. ತರಗತಿಯೊಳಗೆ ನ್ಯಾಯವಂತರಾಗಲು ಯಾರೂ ಏನನ್ನೂ ಕಳೆದುಕೊಳ್ಳಬೇಕಿರಲಿಲ್ಲ. ಅದನ್ನು ಮೊದಲೇ ಯೋಚಿಸದಿದ್ದದ್ದು ನನ್ನ ತಪ್ಪು.

ಮುಂದಿನ ವರ್ಷ ಮುಗಿದುಹೋದ ಪ್ರಕರಣವೊಂದನ್ನು ಆರಿಸಿಕೊಂಡೆ: 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿದ್ದು. ಅಂದಿನ ಮಂಡಳಿಯ ಹದಿನೈದು ಸದಸ್ಯ ರಾಷ್ಟ್ರಗಳನ್ನು ಹಂಚಿ, ಪ್ರತಿಯೊಬ್ಬರಿಗೂ ಒಂದು ಹಾಳೆ ಕೊಟ್ಟೆ. ನಿಮಗೆ ಎಣ್ಣೆ ಎಲ್ಲಿಂದ ಬರುತ್ತದೆ, ಸಾಲ ಮತ್ತು ನೆರವು ಯಾರಿಂದ, ನಿಮ್ಮ ಜನ ಯಾವ ದೇಶದಲ್ಲಿ ದುಡಿಯುತ್ತಿದ್ದಾರೆ, ಗಡಿಯಾಚೆ ಇರುವ ಬಲಾಢ್ಯರು ಯಾರು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯದೆ ಕೈ ಎತ್ತುವಂತಿರಲಿಲ್ಲ. ಹಾಳೆ ತುಂಬಲು ಎರಡು ವಾರ ಹಿಡಿಯಿತು.

ಯೆಮೆನ್ ಪಾಲಿಗೆ ಬಂದದ್ದು ಹೆಚ್ಚು ಮಾತಾಡದ ಹುಡುಗಿಯೊಬ್ಬಳಿಗೆ. ಉತ್ತರ ಮತ್ತು ದಕ್ಷಿಣ ಯೆಮೆನ್‌ಗಳು ಒಂದಾಗಿ ಆಗ ಮೂರು ತಿಂಗಳೂ ತುಂಬಿರಲಿಲ್ಲ. ಅಂದಿನ ಮಂಡಳಿಯಲ್ಲಿದ್ದ ಅರಬ್ ದೇಶ ಅದೊಂದೇ. ಆಕ್ರಮಣವನ್ನು ಖಂಡಿಸಿ ಸೇನೆ ಹಿಂದಕ್ಕೆ ಹೋಗಬೇಕೆಂದ 660ನೇ ನಿರ್ಣಯಕ್ಕೆ ಹದಿನಾಲ್ಕು ಮತಗಳು ಬಂದಾಗ ಯೆಮೆನ್ ಮತದಾನದಲ್ಲಿ ಭಾಗವಹಿಸಲಿಲ್ಲ. ನಾಲ್ಕು ದಿನಗಳ ನಂತರ ವ್ಯಾಪಾರ ನಿರ್ಬಂಧ ಹೇರಿದ 661ನೇ ನಿರ್ಣಯದಲ್ಲಿ ಕ್ಯೂಬಾದ ಜೊತೆ ತಟಸ್ಥವಾಯಿತು. ನವೆಂಬರ್ 29ರಂದು, 1991ರ ಜನವರಿ 15ರೊಳಗೆ ಇರಾಕ್ ಹೊರನಡೆಯದಿದ್ದರೆ ‘ಅಗತ್ಯವಾದ ಎಲ್ಲ ಮಾರ್ಗಗಳನ್ನೂ’ ಬಳಸಬಹುದೆಂಬ 678ನೇ ನಿರ್ಣಯವನ್ನು ಇವೆರಡೇ ದೇಶಗಳು ವಿರೋಧಿಸಿದವು, ಚೀನಾ ತಟಸ್ಥವಾಗಿತ್ತು. ಅಮೆರಿಕ ಯೆಮೆನ್‌ಗೆ ಕೊಡುತ್ತಿದ್ದ ನೆರವನ್ನು ಕಡಿತಗೊಳಿಸಿತು. ಅದಕ್ಕೂ ಮೊದಲೇ ಸೌದಿ ಅರೇಬಿಯಾ ಯೆಮೆನ್ ಕಾರ್ಮಿಕರಿಗಿದ್ದ ವಿಶೇಷ ಸವಲತ್ತುಗಳನ್ನು ಹಿಂತೆಗೆದುಕೊಂಡದ್ದರಿಂದ ಲಕ್ಷಗಟ್ಟಲೆ ಜನ ಗಂಟುಮೂಟೆ ಕಟ್ಟಿ ಊರಿಗೆ ಮರಳಬೇಕಾಯಿತು.

ಇದನ್ನೆಲ್ಲ ಓದಿಕೊಂಡು ಬಂದಿದ್ದ ಆ ಹುಡುಗಿ 678ರ ಸರದಿಯಲ್ಲಿ ಬಹಳ ಹೊತ್ತು ಕೈ ಎತ್ತಲಿಲ್ಲ. ಅವಳ ಸೋದರಮಾವ ಕೊಲ್ಲಿ ದೇಶದಲ್ಲಿ ದುಡಿಯುತ್ತಿದ್ದರೆಂಬುದು ನನಗೆ ಆಮೇಲೆ ತಿಳಿಯಿತು. ಕೊನೆಗೆ ಅವಳು ಇತಿಹಾಸಕ್ಕೆ ವಿರುದ್ಧವಾಗಿ ತಟಸ್ಥ ಎಂದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ನಿಲುವು ಎಂದು ಹಿಂದಿನ ಬೆಂಚಿನವರು ನಕ್ಕರು. ಅವಳು ತನ್ನ ಹಾಳೆಯ ಮೂರನೆಯ ಉತ್ತರವನ್ನು ಗಟ್ಟಿಯಾಗಿ ಓದಿ ಕುಳಿತಳು.

ಅದೇ ಮೂರನೆಯ ಪ್ರಶ್ನೆಯಿಂದ ಭಾರತದ ನಡೆಯನ್ನೂ ವಿವರಿಸಿದೆ. 1990ರಲ್ಲಿ ನಾವು ಮಂಡಳಿಯಲ್ಲಿರಲಿಲ್ಲ, ಆದರೆ ಆ ಯುದ್ಧಭೂಮಿಯಲ್ಲಿ ನಮ್ಮ ಜನರಿದ್ದರು. ವಿದೇಶಾಂಗ ಸಚಿವ ಐ. ಕೆ. ಗುಜ್ರಾಲ್ ಬಾಗ್ದಾದಿಗೆ ಹೋಗಿ ಸದ್ದಾಂ ಹುಸೇನರನ್ನು ಅಪ್ಪಿಕೊಂಡ ಚಿತ್ರ ಟೀಕೆಗೆ ಗುರಿಯಾಯಿತು. ಜೋರ್ಡಾನಿನ ಅಮ್ಮಾನ್ ಮೂಲಕ ಸುಮಾರು 1.7 ಲಕ್ಷ ಭಾರತೀಯರು ವಿಮಾನವೇರಿ ಮರಳಿದರು. ಆ ಅಪ್ಪುಗೆಯನ್ನು ನಾನು ಈಗಲೂ ಪೂರ್ತಿ ಸಮರ್ಥಿಸಲಾರೆ, ಆದರೆ ಮೊದಲಿನಂತೆ ಸುಲಭವಾಗಿ ಹೀಗಳೆಯಲಾರೆ. 2022ರಲ್ಲೂ ಮತ ಹಾಕುವ ಹೊತ್ತಿಗೆ ನಮ್ಮ ಸಾವಿರಾರು ವಿದ್ಯಾರ್ಥಿಗಳು ಉಕ್ರೇನಿನಲ್ಲಿಯೇ ಇದ್ದರು. ನಮ್ಮ ಸೇನೆಯ ಶಸ್ತ್ರಾಸ್ತ್ರಗಳಲ್ಲಿ ದೊಡ್ಡ ಪಾಲು ರಷ್ಯಾ ಮೂಲದ್ದೆಂಬುದೂ ಆ ಹಾಳೆಯಲ್ಲಿ ಬರೆಯಬೇಕಾದ ಮಾತೇ.

ಉಕ್ರೇನಿನ ಸುತ್ತು ಬೇಗ ಮುಗಿಯಿತು, ಏಕೆಂದರೆ ಆಕ್ರಮಣಕಾರನೇ ವೀಟೋ ಹಿಡಿದು ಕುಳಿತಿದ್ದ. ಫೆಬ್ರವರಿ 25ರ ಕರಡು ನಿರ್ಣಯಕ್ಕೆ 11 ಮತಗಳಿದ್ದರೂ ರಷ್ಯಾದ ಒಂದೇ ಕೈ ಅದನ್ನು ಬೀಳಿಸಿತು. ಮಕ್ಕಳಿಗೆ ಹಿಡಿಸಿದ್ದು ಅದರ ನಂತರದ ದಾರಿ: ಸಾಮಾನ್ಯ ಸಭೆಯ ತುರ್ತು ಅಧಿವೇಶನ ಕರೆಯುವುದು ಕಾರ್ಯವಿಧಾನದ ಪ್ರಶ್ನೆಯಾದ್ದರಿಂದ ಅಲ್ಲಿ ವೀಟೋ ನಡೆಯುವುದಿಲ್ಲ, ಒಂಬತ್ತು ಮತ ಸಾಕು. 1950ರ ಕೊರಿಯಾ ಯುದ್ಧದ ಕಾಲದಲ್ಲಿ ರೂಪುಗೊಂಡ ಈ ಹಿತ್ತಲ ಬಾಗಿಲಿನಿಂದಲೇ 141ರ ಆ ಸಂಖ್ಯೆ ಹೊರಬಂದದ್ದು. ಸಾಮಾನ್ಯ ಸಭೆಯ ಮಾತಿಗೆ ಬಂಧಕ ಶಕ್ತಿಯಿಲ್ಲ; ರಷ್ಯಾದ ಹಲವು ಬ್ಯಾಂಕುಗಳನ್ನು ಅಂತರರಾಷ್ಟ್ರೀಯ ಹಣ ವರ್ಗಾವಣೆಯ ಸಂದೇಶ ಸಾಗಿಸುವ ಸ್ವಿಫ್ಟ್ ಜಾಲದಿಂದ ಹೊರಗಿಟ್ಟದ್ದು, ಅದರ ಕೇಂದ್ರ ಬ್ಯಾಂಕಿನ ವಿದೇಶಿ ಮೀಸಲನ್ನು ತಡೆಹಿಡಿದದ್ದು ಪಾಶ್ಚಾತ್ಯ ದೇಶಗಳ ಸ್ವಂತ ತೀರ್ಮಾನಗಳು.

ಈ ಪಾಠ ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದ ವಾರಕ್ಕೇ ಬಿದ್ದಿತು. ಧ್ವಜಾರೋಹಣದ ಮರುದಿನ ಒಬ್ಬ, ನಮ್ಮ ಊರುಗಳ ವಿಷಯವೂ ಭದ್ರತಾ ಮಂಡಳಿಗೆ ಹೋಗಿತ್ತೇ ಎಂದ. ಹೋಗಿತ್ತು. ಕಲಬುರಗಿ, ಬೀದರ್ ಜಿಲ್ಲೆಗಳನ್ನು ಒಳಗೊಂಡಿದ್ದ ಹೈದರಾಬಾದ್ ಸಂಸ್ಥಾನ 1948ರ ಆಗಸ್ಟ್‌ನಲ್ಲಿ ಭಾರತದ ವಿರುದ್ಧ ದೂರು ಕೊಟ್ಟಿತ್ತು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಬಂದಿತು, 16ರಂದು ಪ್ಯಾರಿಸ್‌ನಲ್ಲಿ ಸೇರಿದ್ದ ಮಂಡಳಿ ದೂರನ್ನು ಕೈಗೆತ್ತಿಕೊಂಡಿತು, 17ರಂದು ನಿಜಾಮ ಶರಣಾದ. ಇದು ಆಂತರಿಕ ವಿಷಯ, ಮಂಡಳಿಗೆ ಅಧಿಕಾರವಿಲ್ಲ ಎಂಬುದು ಭಾರತದ ವಾದವಾಗಿತ್ತು. ನಿಜಾಮನ ಪರ ನಿಂತ ಸಶಸ್ತ್ರ ಪಡೆಯಾದ ರಜಾಕಾರರ ಹಾವಳಿಯ ಕಥೆಗಳನ್ನು ಮನೆಯಲ್ಲಿ ಕೇಳಿ ಬೆಳೆದ ಮಕ್ಕಳಿಗೆ ಅದು ವಿಮೋಚನೆ, ನನಗೂ ಹಾಗೆಯೇ. ಆದರೂ, ನಡೆದದ್ದು ನೆರೆಯವನ ಮೇಲಿನ ದಾಳಿಯೋ ಮನೆಯೊಳಗಿನ ವ್ಯವಹಾರವೋ ಎಂಬುದನ್ನು ಹೊರಗಿನ ದೇಶಗಳು ಮೊದಲು ತೀರ್ಮಾನಿಸಬೇಕು, ಕೈ ಎತ್ತುವುದು ಆಮೇಲೆ ಎಂಬುದನ್ನು ತೋರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಗಲಿಲ್ಲ.

ಮುಂದಿನ ವಾರ ಕುರ್ಚಿಗಳನ್ನು ಮತ್ತೆ ಜೋಡಿಸಿದೆವು. ದೂರುದಾರ ಹೈದರಾಬಾದ್‌ನ ಫಲಕದ ಹಿಂದೆ ಕೂಡಲು ಒಬ್ಬರೂ ಒಪ್ಪಲಿಲ್ಲ. ಹೀಗಾಗಿ ಅಲ್ಲಿ ನಾನೇ ಕುಳಿತು ಹಾಳೆ ತುಂಬತೊಡಗಿದೆ.